ಆಟಕ್ಕುಂಟು, ಲೆಕ್ಕಕ್ಕಿಲ್ಲ

ನಮ್ಮ ಮನೆಗಳ ಅಂಗಳದಲ್ಲಿ ಮಕ್ಕಳು ಸೇರಿ ಆಡುವಾಗ, ಎಲ್ಲರಿಗಿಂತಲೂ ಕಿರಿದಾದ ಮಗುವೊಂದು ತಾನೂ ಆಡುವೆನೆಂದು ಹಟಹಿಡಿಯುವುದುಂಟು. ಬಿಟ್ಟರೆ ಅಳುತ್ತದೆ, ಸೇರಿಸಿಕೊಂಡರೆ ಆಟ ಕೆಡುತ್ತದೆ. ಆಗ ಹಿರಿಯ ಮಕ್ಕಳು ಒಂದು ಉಪಾಯವನ್ನು ಹೂಡುತ್ತಾರೆ. ಕಿರಿಯದಕ್ಕೆ ಕೇಳಿಸದಂತೆ ತಮ್ಮತಮ್ಮಲ್ಲಿ ‘ಇವನು ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಗೊತ್ತುಮಾಡಿಕೊಳ್ಳುತ್ತಾರೆ. ಮಗುವು ಎಲ್ಲರಂತೆ ಓಡುತ್ತದೆ, ಅಡಗುತ್ತದೆ, ಕೂಗುತ್ತದೆ. ಸಿಕ್ಕಿಬಿದ್ದರೂ ಸೋಲಿಲ್ಲ, ತಪ್ಪಿಸಿಕೊಂಡರೂ ಗೆಲುವಿಲ್ಲ. ಎಡವಿ ಬಿದ್ದಾಗ ಮಾತ್ರ ಮಂಡಿಯಿಂದ ಸುರಿಯುವ ರಕ್ತವು ನಿಜವಾದ ರಕ್ತವೇ.

ಈ ಗಾದೆಯಂಥ ಮಾತು ನನಗೆ ಈಚೆಗೆ ನೆನಪಾದುದಕ್ಕೆ ಒಂದು ಕಾರಣವುಂಟು. ಅಮೆರಿಕಾದಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯನು ರಜಕ್ಕೆಂದು ಊರಿಗೆ ಬಂದಿದ್ದನು. ಅಲ್ಲಿಯ ಫುಟ್‌ಬಾಲ್ ಪಂದ್ಯಗಳಿಗೆ ಅವನು ವರ್ಷದ ಟಿಕೆಟ್ಟನ್ನು ಕೊಂಡಿರುವವನು. ಮೊದಲಿನ ಪಂದ್ಯಗಳು ತಪ್ಪಿಹೋದುವಲ್ಲಾ ಎಂದು ನಾನು ಕನಿಕರಪಟ್ಟರೆ, “ಅವು ಲೆಕ್ಕಕ್ಕೆ ಬರುವ ಆಟಗಳಲ್ಲ ಬಿಡಿ ಮಾವ, ಟಿಕೆಟ್ಟನ್ನು ನೆರೆಯವರಿಗೆ ಕೊಟ್ಟು ಬಂದೆ” ಎಂದು ನಕ್ಕನು. “ಕೊಟ್ಟ ದುಡ್ಡೋ?” ಎಂದೆನು. “ದುಡ್ಡು ಮಾತ್ರ ಲೆಕ್ಕಕ್ಕೆ ಬರುತ್ತದೆ” ಎಂದನು. ಮಾತು ನಗೆಯಲ್ಲಿ ಮುಗಿಯಿತು. ಆದರೆ ಅದರೊಳಗಿನ ಪ್ರಶ್ನೆಯು ನನ್ನನ್ನು ಬಿಡಲಿಲ್ಲ. ಆಟಗಾರರು ಅವರೇ, ಅಂಗಣವು ಅದೇ, ನಿಯಮಗಳೂ ತೀರ್ಪುಗಾರರೂ ಅವೇ ಅವರೇ ಆಗಿದ್ದು, ಫಲವನ್ನು ಮಾತ್ರ ಪುಸ್ತಕಕ್ಕೆ ಏರಿಸದೆ ಬಿಟ್ಟರೆ, ಆ ಆಟವು ನಿಜವಾದ ವೃತ್ತಿಕ್ರೀಡೆಯೆನಿಸುವುದೋ ಇಲ್ಲವೋ?

ವಾಚಕರಲ್ಲಿ ಅನೇಕರಿಗೆ ಈ ಪದ್ಧತಿಯ ಪರಿಚಯವಿರಲಾರದಾದ ಕಾರಣ ಎರಡು ಮಾತುಗಳಲ್ಲಿ ವಿಷಯವನ್ನು ಹೇಳಬೇಕು. ಅಮೆರಿಕಾದ ನ್ಯಾಷನಲ್ ಫುಟ್‌ಬಾಲ್ ಲೀಗಿನಲ್ಲಿ 32 ತಂಡಗಳಿವೆ. ಸೆಪ್ಟೆಂಬರಿನಲ್ಲಿ ಋತುವು ಆರಂಭವಾಗುವುದಕ್ಕೆ ಮುಂಚೆ ಆಗಸ್ಟಿನಲ್ಲಿ ಈ ತಂಡಗಳು ಪರಸ್ಪರ ಕೆಲವು ಪ್ರದರ್ಶನ ಪಂದ್ಯಗಳನ್ನು ಆಡುತ್ತವೆ. 1977ರ ವರೆಗೆ ಋತುವಿನ 14 ಪಂದ್ಯಗಳಿಗೆ ಪೂರ್ವಭಾವಿಯಾಗಿ ಇಂಥ 6 ಪಂದ್ಯಗಳು ನಡೆಯುತ್ತಿದ್ದುವು. 1978ರಲ್ಲಿ ಅದು 16ಕ್ಕೆ 4 ಎಂದಾಯಿತು. 2021ರಿಂದ 17ಕ್ಕೆ 3 ಎಂದು ನಿಂತಿದೆ. ಇವುಗಳಲ್ಲಿ ಗೆದ್ದವರಿಗೆ ಪಟ್ಟಿಯಲ್ಲಿ ಏರಿಕೆಯಿಲ್ಲ, ಸೋತವರಿಗೆ ಇಳಿತವಿಲ್ಲ. ಯಾರು ಎಷ್ಟು ದೂರ ಚೆಂಡನ್ನು ಒಯ್ದರೂ ಅದು ಅವರ ಜೀವಮಾನದ ಅಂಕಿಗಳಿಗೆ ಕೂಡುವುದಿಲ್ಲ.

ಇವು ನಿಜವಾದ ಆಟಗಳಲ್ಲವೆಂಬ ಪೂರ್ವಪಕ್ಷವನ್ನು ಮೊದಲು ಕೇಳೋಣ. ಅದು ದುರ್ಬಲವಾದುದೇನೂ ಅಲ್ಲ. 2008ರಲ್ಲಿ ಡೆಟ್ರಾಯಿಟ್ ನಗರದ ಲಯನ್ಸ್ ತಂಡವು ನಾಲ್ಕು ಪೂರ್ವಭಾವಿ ಪಂದ್ಯಗಳನ್ನೂ ಗೆದ್ದಿತು. ಬಳಿಕ ಋತುವಿನ 16 ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಕಾಕತಾಳೀಯವೆಂದು ಬಿಡೋಣವೆಂದರೆ, 2017ರಲ್ಲಿ ಕ್ಲೀವ್‌ಲೆಂಡಿನ ಬ್ರೌನ್ಸ್ ತಂಡಕ್ಕೂ ಹಾಗೆಯೇ ಆಯಿತು: ಮೊದಲು ನಾಲ್ಕಕ್ಕೆ ನಾಲ್ಕು ಗೆಲುವು, ಆಮೇಲೆ ಹದಿನಾರಕ್ಕೆ ಹದಿನಾರು ಸೋಲು. ಬಾಲ್ಟಿಮೋರಿನ ರೇವನ್ಸ್ ತಂಡವು ಸತತವಾಗಿ 24 ಪೂರ್ವಭಾವಿ ಪಂದ್ಯಗಳನ್ನು ಗೆದ್ದು, 2023ರ ಆಗಸ್ಟಿನಲ್ಲಿ ಒಂದೇ ಅಂಕದಿಂದ ಸೋತು ಆ ಸರಣಿಯನ್ನು ಮುಗಿಸಿತು; ಆ ವರ್ಷಗಳಲ್ಲಿ ಅದು ಒಮ್ಮೆಯೂ ಚಾಂಪಿಯನ್ ಪದವಿಯನ್ನು ಪಡೆಯಲಿಲ್ಲ. ಇಂಥ ಗೆಲುವಿನಿಂದ ಯಾವುದನ್ನು ತಿಳಿಯೋಣ?

ಇದಕ್ಕೆ ಕಾರಣವೂ ಸ್ಪಷ್ಟವೇ. ಈ ಆಟಗಳಲ್ಲಿ ಹೆಸರಾಂತ ಆಟಗಾರರು ಬಹುಮಟ್ಟಿಗೆ ಬದಿಯಲ್ಲಿ ಕುಳಿತಿರುತ್ತಾರೆ, ಇಲ್ಲವೆ ಸ್ವಲ್ಪ ಹೊತ್ತು ಆಡಿ ಹಿಂದಿರುಗುತ್ತಾರೆ. ತರಬೇತುಗಾರನು ತನ್ನ ಉತ್ತಮವಾದ ತಂತ್ರಗಳನ್ನು ಬಚ್ಚಿಡುತ್ತಾನೆ. ಗೆಲ್ಲುವ ಆಟಗಾರನನ್ನು ಬಿಟ್ಟು, ಪರೀಕ್ಷಿಸಬೇಕಾದ ಆಟಗಾರನನ್ನು ಇಳಿಸುತ್ತಾನೆ. ಸ್ಪರ್ಧೆಯೆಂಬುದರ ಜೀವಾಳವು ಯಾವುದು? ನಿಯಮಕ್ಕೆ ಒಳಪಟ್ಟು ಇಬ್ಬರೂ ಗೆಲ್ಲುವುದಕ್ಕಾಗಿ ತಮ್ಮ ಸರ್ವಶಕ್ತಿಯನ್ನೂ ಪ್ರಯೋಗಿಸುವುದು. ಎರಡು ಕಡೆಯವರೂ ಗೆಲುವನ್ನು ಎರಡನೆಯ ಮಾತಾಗಿ ಇಟ್ಟುಕೊಂಡಿರುವಲ್ಲಿ ಸ್ಪರ್ಧೆಯ ರೂಪವಿದ್ದೀತೇ ಹೊರತು ಸ್ಪರ್ಧೆಯಿಲ್ಲ. ಇದು ಪೂರ್ವಪಕ್ಷ.

ಈಗ ಇನ್ನೊಂದು ಮಗ್ಗುಲನ್ನು ನೋಡಬೇಕು. 1978ನೆಯ ಇಸವಿ ಆಗಸ್ಟ್ 12ರಂದು ಓಕ್ಲೆಂಡಿನಲ್ಲಿ ಇಂಥದೇ ಒಂದು ಪ್ರದರ್ಶನ ಪಂದ್ಯವು ನಡೆಯಿತು. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದ ಡ್ಯಾರಿಲ್ ಸ್ಟಿಂಗ್ಲಿ ಎಂಬ ಇಪ್ಪತ್ತಾರು ವರ್ಷದ ತರುಣನು, ತನ್ನ ಕೈಗೆ ಎಟುಕದೆ ಹಾರಿಹೋಗುತ್ತಿದ್ದ ಚೆಂಡಿಗಾಗಿ ಮುಂದಕ್ಕೆ ಚಾಚಿದನು. ಎದುರು ತಂಡದ ಜ್ಯಾಕ್ ಟೇಟಮ್ ಎಂಬವನು ವೇಗವಾಗಿ ಬಂದು ಅವನಿಗೆ ಡಿಕ್ಕಿ ಹೊಡೆದನು. ಅಂದಿನ ನಿಯಮದಂತೆ ಅದು ತಪ್ಪೆನಿಸಲಿಲ್ಲ. ತೀರ್ಪುಗಾರರು ದಂಡವನ್ನೂ ವಿಧಿಸಲಿಲ್ಲ. ಆದರೆ ಸ್ಟಿಂಗ್ಲಿಯ ಕುತ್ತಿಗೆಯ ಮೂಳೆಗಳು ಮುರಿದು ಕೈಕಾಲುಗಳ ಸ್ವಾಧೀನವು ತಪ್ಪಿಹೋಯಿತು. ಅವನು 2007ರಲ್ಲಿ ತೀರಿಕೊಳ್ಳುವ ವರೆಗೆ, ಎಂದರೆ ಇಪ್ಪತ್ತೆಂಟು ವರ್ಷಗಳಿಗೂ ಮೀರಿ, ಚಕ್ರದ ಕುರ್ಚಿಯಲ್ಲಿಯೇ ಬಾಳನ್ನು ಕಳೆದನು. ಆ ಪಂದ್ಯದ ಫಲವನ್ನು ಯಾವ ಪಟ್ಟಿಯಲ್ಲಿಯೂ ಬರೆದುಕೊಳ್ಳಲಿಲ್ಲ. ಆ ಅಂಗಣದಲ್ಲಿ ನಡೆದುದು ನಿಜವಾದ ಆಟವಲ್ಲವೆಂದು ಆ ಮನುಷ್ಯನ ಎದುರಿಗೆ ನಿಂತು ಹೇಳುವ ಧೈರ್ಯವು ಯಾರಿಗುಂಟು?

ದೇಹವು ಮುರಿಯುವುದೊಂದೇ ಅಲ್ಲ, ಬಾಳು ತಿರುಗುವುದೂ ಇಂಥ ಆಟಗಳಲ್ಲಿಯೇ. 1995ರಲ್ಲಿ ಟೋಕಿಯೋ ನಗರದಲ್ಲಿ ನಡೆದ ಪೂರ್ವಭಾವಿ ಪಂದ್ಯವೊಂದರಲ್ಲಿ ಡೆನ್ವರ್ ತಂಡದ ಟೆರೆಲ್ ಡೇವಿಸ್ ಎಂಬವನು ಆಡಿದನು. ಆಯ್ಕೆಯ ಪಟ್ಟಿಯಲ್ಲಿ ಬಹಳ ಕೆಳಗಿದ್ದ ಅವನನ್ನು ಯಾರೂ ಗಮನಿಸಿರಲಿಲ್ಲ. ಅಲ್ಲಿ ಅವನು ಎದುರಾಳಿಯನ್ನು ಕೆಡಹಿದ ಒಂದು ಹೊಡೆತವು ತರಬೇತುಗಾರರ ಕಣ್ಣಿಗೆ ಬಿದ್ದು, ತಂಡದಲ್ಲಿ ಅವನಿಗೆ ಸ್ಥಾನವನ್ನು ಗಳಿಸಿಕೊಟ್ಟಿತು. 1999ರ ಆಗಸ್ಟಿನಲ್ಲಿ ಸೇಂಟ್ ಲೂಯಿಸಿನ ರ‍್ಯಾಮ್ಸ್ ತಂಡದ ಮುಖ್ಯ ಆಟಗಾರನಾದ ಟ್ರೆಂಟ್ ಗ್ರೀನನು ಲೆಕ್ಕಕ್ಕಿಲ್ಲದ ಆಟವೊಂದರಲ್ಲಿ ಮೊಣಕಾಲಿಗೆ ತೀವ್ರವಾದ ಗಾಯಮಾಡಿಕೊಂಡನು. ಆ ವರ್ಷವೆಲ್ಲ ಅವನು ಆಡಲಿಲ್ಲ. ಅವನ ಜಾಗಕ್ಕೆ, ಹಿಂದೊಮ್ಮೆ ದಿನಸಿ ಅಂಗಡಿಯಲ್ಲಿ ರಾತ್ರಿಯ ಹೊತ್ತು ಸಾಮಾನು ಜೋಡಿಸುತ್ತಿದ್ದ ಕರ್ಟ್ ವಾರ್ನರನು ಬಂದನು. ಅದೇ ಋತುವಿನ ಕೊನೆಯಲ್ಲಿ, 2000ದ ಜನವರಿಯಲ್ಲಿ, ತಂಡಕ್ಕೆ ಚಾಂಪಿಯನ್ ಪದವಿಯನ್ನು ತಂದನು. ಡೇವಿಸನೂ ವಾರ್ನರನೂ 2017ರಲ್ಲಿ ಒಟ್ಟಿಗೇ ಆ ಕ್ರೀಡೆಯ ಕೀರ್ತಿಮಂದಿರಕ್ಕೆ ಸೇರಿದರು. ಅಲ್ಲಿಗೆ ಹೋದ ದಾರಿಯು ಪುಸ್ತಕದಲ್ಲಿ ಲೆಕ್ಕವಿಲ್ಲದ ಆಟಗಳ ಮೂಲಕವೇ ಹಾದುಹೋಗಿದೆ.

ಕೀರ್ತಿಗೆ ಏರಿದವರು ಇಬ್ಬರಾದರೆ ಹೆಸರಿಲ್ಲದೆ ಹೋದವರು ಎಷ್ಟೋ ಮಂದಿ. ಪ್ರತಿಯೊಂದು ತಂಡವೂ ಬೇಸಿಗೆಯಲ್ಲಿ 90 ಮಂದಿಯನ್ನು ಸೇರಿಸಿಕೊಂಡು, ಋತುವಿನ ಹೊಸ್ತಿಲಲ್ಲಿ ಆ ಸಂಖ್ಯೆಯನ್ನು 53ಕ್ಕೆ ಇಳಿಸಬೇಕು. ತಂಡಕ್ಕೆ 37ರಂತೆ 32 ತಂಡಗಳಿಗೆ ಗುಣಿಸಿದರೆ ಸುಮಾರು 1,200 ತರುಣರು ಕೆಲವೇ ದಿನಗಳಲ್ಲಿ ಪಟ್ಟಿಯಿಂದ ಹೊರಬೀಳುತ್ತಾರೆ. ಕೆಲವರನ್ನು ಅಭ್ಯಾಸದ ತಂಡಕ್ಕೆ ಮತ್ತೆ ಕರೆದುಕೊಳ್ಳುವುದುಂಟು. ಉಳಿದವರಲ್ಲಿ ಅನೇಕರಿಗೆ ಆಗಸ್ಟಿನ ಆ ರಾತ್ರಿಗಳೇ ವೃತ್ತಿಜೀವನದ ಆದಿ, ಅವೇ ಅಂತ್ಯ. ಮೆಟ್ಟಿಲಮೇಲೆ ಕುಳಿತು ಆಕಳಿಸುತ್ತಿರುವ ಪ್ರೇಕ್ಷಕನಿಗೆ ಆ ಪಂದ್ಯವು ಕಾಲಹರಣ. ಅಂಗಣದೊಳಗಿನ ಆ ತರುಣನಿಗಾದರೋ ಅದಕ್ಕಿಂತಲೂ ದೊಡ್ಡ ಪಂದ್ಯವು ಎಂದೂ ಬರಲಾರದು.

ಹೀಗಿರಲಾಗಿ ‘ನಿಜ’ವೆಂಬ ಮಾತನ್ನೇ ಸ್ವಲ್ಪ ಶೋಧಿಸಿ ನೋಡಬೇಕಾಗುತ್ತದೆ. ನಮ್ಮ ವೇದಾಂತಿಗಳು ಸತ್ತೆಯಲ್ಲಿ ಪ್ರಾತಿಭಾಸಿಕ, ವ್ಯಾವಹಾರಿಕ, ಪಾರಮಾರ್ಥಿಕ ಎಂದು ಮೂರು ತರಗಳನ್ನು ಹೇಳಿದ್ದಾರೆ. ಕನಸಿನ ಹುಲಿಯು ಎಚ್ಚರವಾದೊಡನೆ ಇಲ್ಲವಾಗುವುದರಿಂದ ಪ್ರಾತಿಭಾಸಿಕ. ಈ ಪಂದ್ಯಗಳು ಅಂಥ ತೋರಿಕೆಯೆಂದರೆ, ಎಚ್ಚರವಾದಮೇಲೆ ಗಾಯವೂ ಇಲ್ಲವಾಗಬೇಕಾಗಿತ್ತು. ಅದು ಇಲ್ಲವಾಗಲಿಲ್ಲ. ಇನ್ನು ಅಂಕಗಳ ಪಟ್ಟಿಯೇ ಪರಮಾರ್ಥವೆನ್ನೋಣವೆಂದರೆ, ಆ ಪಟ್ಟಿಯಾದರೂ ಮನುಷ್ಯರು ಸಭೆ ಸೇರಿ ಮಾಡಿಕೊಂಡ ಒಪ್ಪಂದವೇ. ಆರು ಪಂದ್ಯಗಳೆಂದುದನ್ನು ನಾಲ್ಕೆಂದರು, ನಾಲ್ಕೆಂದುದನ್ನು ಮೂರೆಂದರು. ಋತುವಿನ ಪಂದ್ಯವೂ ಪೂರ್ವಭಾವಿ ಪಂದ್ಯವೂ ಎರಡೂ ವ್ಯವಹಾರದ ಜಗತ್ತಿನವೇ. ಆದಕಾರಣ ‘ಇದು ಲೆಕ್ಕಕ್ಕಿಲ್ಲ’ ಎಂಬುದಕ್ಕೂ ‘ಇದು ನಿಜವಲ್ಲ’ ಎಂಬುದಕ್ಕೂ ಅಂತರವುಂಟು. ಮೊದಲನೆಯದು ನಮ್ಮ ನಿರ್ಧಾರವನ್ನು ಹೇಳುತ್ತದೆ. ಎರಡನೆಯದು ವಸ್ತುಸ್ಥಿತಿಯನ್ನು ಹೇಳುವೆನೆನ್ನುತ್ತದೆ.

ನಿರ್ಧಾರವು ಬದಲಾಗುತ್ತದೆಂಬುದಕ್ಕೆ ಕ್ರಿಕೆಟ್ಟಿನಲ್ಲಿ ಒಂದು ಮನಮುಟ್ಟುವ ನಿದರ್ಶನವಿದೆ. 1970ರಲ್ಲಿ ದಕ್ಷಿಣ ಆಫ್ರಿಕದ ತಂಡವು ಇಂಗ್ಲೆಂಡಿಗೆ ಬರುವುದು ವರ್ಣಭೇದ ನೀತಿಯ ಕಾರಣದಿಂದ ರದ್ದಾದಾಗ, ಅದರ ಬದಲಿಗೆ ಗ್ಯಾರಿ ಸೋಬರ್ಸನ ನಾಯಕತ್ವದಲ್ಲಿ ವಿಶ್ವತಂಡವೊಂದು ಇಂಗ್ಲೆಂಡಿನೊಡನೆ ಐದು ಪಂದ್ಯಗಳನ್ನು ಆಡಿತು. ಅವನ್ನು ಆಗ ಟೆಸ್ಟುಗಳೆಂದೇ ಸಾರಿದ್ದರು. ಲಾರ್ಡ್ಸಿನಲ್ಲಿ ನಡೆದ ಮೊದಲನೆಯದರಲ್ಲಿ ಗ್ಲಮೋರ್ಗನ್ ಪ್ರಾಂತದ ಆಲನ್ ಜೋನ್ಸನು ಇಂಗ್ಲೆಂಡಿನ ಪರವಾಗಿ ಆಡಿ 5 ಮತ್ತು 0 ಓಟಗಳನ್ನು ಗಳಿಸಿದನು. ಮುಂದೆ ಆ ಪಂದ್ಯಗಳಿಗೆ ಟೆಸ್ಟಿನ ಪದವಿಯಿಲ್ಲವೆಂದು ತೀರ್ಮಾನವಾಯಿತು. ಪ್ರಥಮ ದರ್ಜೆಯ ಪಂದ್ಯಗಳಲ್ಲಿ 36,000ಕ್ಕೂ ಹೆಚ್ಚು ಓಟಗಳನ್ನು ಗಳಿಸಿದ ಅವನಿಗೆ ಮತ್ತೊಂದು ಅವಕಾಶವು ಬರಲೇ ಇಲ್ಲ. ತಾನು ದೇಶಕ್ಕಾಗಿ ಆಡಿದವನೋ ಅಲ್ಲವೋ ಎಂಬುದು ಐವತ್ತು ವರ್ಷ ತೂಗಾಡಿತು. 2020ರಲ್ಲಿ ಇಂಗ್ಲೆಂಡಿನ ಮಂಡಳಿಯು ಅವನಿಗೆ 696ನೆಯ ಸಂಖ್ಯೆಯ ಟೋಪಿಯನ್ನು ಕೊಟ್ಟು ಗೌರವಿಸಿತು. ಪುಸ್ತಕವು ಎರಡು ಸಲ ಮಾತು ಬದಲಾಯಿಸಿತು. ಲಾರ್ಡ್ಸಿನ ಆ ಬೆಳಗ್ಗೆ ಅವನು ಎದುರಿಸಿದ ಚೆಂಡುಗಳಲ್ಲಿ ಮಾತ್ರ ಒಂದೂ ಬದಲಾಗಲಿಲ್ಲ.

ಪ್ರದರ್ಶನವೆಂದು ಆರಂಭವಾದುದು ಪ್ರದರ್ಶನವಾಗಿ ಉಳಿಯದೆ ಹೋಗುವುದನ್ನು ನಮ್ಮ ಹಿರಿಯರು ಬಹು ಹಿಂದೆಯೇ ಕಂಡಿದ್ದರು. ಮಹಾಭಾರತದ ಆದಿಪರ್ವದಲ್ಲಿ ದ್ರೋಣಾಚಾರ್ಯನು ರಾಜಪುತ್ರರ ಅಸ್ತ್ರವಿದ್ಯೆಯನ್ನು ಪ್ರಜೆಗಳಿಗೆ ತೋರಿಸಲೆಂದು ರಂಗವನ್ನು ಕಟ್ಟಿಸಿದನು. ಅಂದು ಗೆಲ್ಲಬೇಕಾದ ರಾಜ್ಯವಿರಲಿಲ್ಲ, ಪಣವಿರಲಿಲ್ಲ. ಆದರೂ ಭೀಮದುರ್ಯೋಧನರ ಗದಾಕೌಶಲವು ನೋಡುನೋಡುತ್ತಿರುವಂತೆಯೇ ಕಾಳಗವಾಗುವಂತೆ ತೋರಿ, ಆಚಾರ್ಯನು ಮಗನನ್ನು ಕಳುಹಿಸಿ ಬಿಡಿಸಬೇಕಾಯಿತು. ಬಳಿಕ ಕರ್ಣನು ಬಂದನು, ಅವನ ಕುಲವನ್ನು ಕೇಳಿದರು, ದುರ್ಯೋಧನನು ಅಲ್ಲಿಯೇ ಅವನಿಗೆ ಅಂಗರಾಜ್ಯದ ಪಟ್ಟವನ್ನು ಕಟ್ಟಿದನು, ಕುಂತಿಯು ಮೂರ್ಛೆಹೋದಳು. ಸೂರ್ಯನು ಮುಳುಗಿ ಸಭೆಯು ಚೆದರಿದಾಗ ಸೋತವರು ಯಾರು ಗೆದ್ದವರು ಯಾರೆಂದು ಹೇಳುವಂತಿರಲಿಲ್ಲ. ಆದರೆ ಒಂದು ಸ್ನೇಹವೂ ಒಂದು ದ್ವೇಷವೂ ಆ ದಿನ ಬೇರೂರಿದುವು. ಕುರುಕ್ಷೇತ್ರದ ಲೆಕ್ಕವು ಲೆಕ್ಕಕ್ಕಿಲ್ಲದ ಆ ದಿನದಿಂದಲೇ ಮೊದಲಾಯಿತೆಂದರೆ ತಪ್ಪಾಗದು.

ಹಾಗಾದರೆ ನಮ್ಮ ಪ್ರಶ್ನೆಗೆ ಉತ್ತರವೇನು? ‘ವೃತ್ತಿಕ್ರೀಡೆ’ಯೆಂಬುದು ಸಮಸ್ತಪದವೆಂಬುದನ್ನು ಮರೆತುದರಿಂದ ಈ ತೊಡಕು ಹುಟ್ಟಿದೆಯೆಂದು ನನಗೆ ತೋರುತ್ತದೆ. ಅದರಲ್ಲಿ ಕ್ರೀಡೆಯೆಂಬುದು ಒಂದು, ವೃತ್ತಿಯೆಂಬುದು ಇನ್ನೊಂದು. ಕ್ರೀಡೆಯೆಂದರೆ ಇಲ್ಲಿ ಎರಡು ತಂಡಗಳು ಗೆಲುವಿಗಾಗಿ ಹೋರಾಡುವುದು. ಆ ಅಂಶದಲ್ಲಿ ಪೂರ್ವಪಕ್ಷವು ಹೇಳಿದುದು ಸರಿ. ತಂಡಗಳು ಹೋರಾಡುತ್ತಿಲ್ಲವಾದ ಕಾರಣ ಕ್ರೀಡೆಯು ಅರೆಯಾಗಿದೆ. ಡೆಟ್ರಾಯಿಟಿನ ನಾಲ್ಕು ಗೆಲುವುಗಳು ಏನನ್ನೂ ಸೂಚಿಸದೆ ಹೋದುದು ಇದರಿಂದಲೇ. ಆದರೆ ವೃತ್ತಿಯೆಂದರೆ ಒಬ್ಬನು ತನ್ನ ವಿದ್ಯೆಯಿಂದಲೂ ದೇಹಶ್ರಮದಿಂದಲೂ ಅನ್ನವನ್ನು ಸಂಪಾದಿಸುವುದು. ಆ ಅಂಶದಲ್ಲಿ ಈ ಪಂದ್ಯಗಳಿಗೆ ಯಾವ ಊನವೂ ಇಲ್ಲ; ಕೆಲಸವು ಉಳಿಯುವುದೂ ಹೋಗುವುದೂ ಇಲ್ಲಿಯೇ ಆದ್ದರಿಂದ, ಸ್ಥಾನವು ಭದ್ರವಾಗಿರುವವನು ಋತುವಿನ ನಡುವೆ ಆಡುವ ಆಟಕ್ಕಿಂತಲೂ ಇದು ಹೆಚ್ಚು ವೃತ್ತಿಯೆಂದೇ ಹೇಳಬೇಕು. ಸಂಕ್ಷೇಪವಾಗಿ, ಈ ಪಂದ್ಯವು ತಂಡಕ್ಕೆ ಅಭ್ಯಾಸ, ಆಟಗಾರನಿಗೆ ಜೀವನ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೃದಂಗದವನು ಮನೆಯಲ್ಲಿ ಸಾಧಕಮಾಡುವುದೂ ಅವನಿಗೆ ಮುಖ್ಯವೇ, ಅದನ್ನು ಯಾರಾದರೂ ಕಚೇರಿಯೆನ್ನುವರೆ ಎಂಬುದೊಂದು. ಅನ್ನುವುದಿಲ್ಲ, ಏಕೆಂದರೆ ಅವನು ಬಾಗಿಲಲ್ಲಿ ಟಿಕೆಟ್ಟನ್ನು ಮಾರುವುದಿಲ್ಲ. ಬಾಗಿಲು ಮುಚ್ಚಿರುವ ವರೆಗೆ ತಾಲೀಮು. ಬಾಗಿಲು ತೆರೆದು, ದೀಪ ಹಚ್ಚಿ, ಹಣ ಪಡೆದು ಜನರನ್ನು ಕೂರಿಸಿದಮೇಲೆ ಅದು ಕಚೇರಿಯೇ. ಉದ್ಯೋಗಕ್ಕಾಗಿ ಕೊಡುವ ಸಂದರ್ಶನವು ಉದ್ಯೋಗವಲ್ಲ, ಇದೂ ಅಂಥ ಪರೀಕ್ಷೆಯೇ ಎಂಬುದು ಎರಡನೆಯದು. ಆದರೆ ಸಂದರ್ಶನಕ್ಕೆ ಬಂದ ಅಭ್ಯರ್ಥಿಯಿಂದ ಅಂದಿನ ಕಚೇರಿಯ ಕೆಲಸವನ್ನು ಮಾಡಿಸಿ, ಅದನ್ನು ಪೇಟೆಯಲ್ಲಿ ಮಾರಿ, ಅವನ ಕೈಕಾಲನ್ನೂ ಅಪಾಯಕ್ಕೆ ಒಡ್ಡಿದರೆ, ಅದನ್ನು ಬರಿಯ ಸಂದರ್ಶನವೆಂದು ಯಾವ ನ್ಯಾಯವಂತನೂ ಒಪ್ಪಲಾರನು.

ಇಲ್ಲಿಯೇ ವಿಷಯವು ತರ್ಕವನ್ನು ಬಿಟ್ಟು ಧರ್ಮಕ್ಕೆ ತಿರುಗುತ್ತದೆ. ವರ್ಷದ ಟಿಕೆಟ್ಟು ಬೇಕಾದವರು ಈ ಪೂರ್ವಭಾವಿ ಪಂದ್ಯಗಳ ಟಿಕೆಟ್ಟನ್ನೂ ಕೊಳ್ಳಲೇಬೇಕೆಂದು ತಂಡಗಳು ಬಹುಕಾಲದಿಂದ ಕಟ್ಟು ಮಾಡಿವೆ; ಅನೇಕ ತಂಡಗಳು ಅವಕ್ಕೆ ಋತುವಿನ ಪಂದ್ಯದಷ್ಟೇ ಬೆಲೆಯನ್ನು ಕಟ್ಟುತ್ತಿದ್ದುವು. ಬಫಲೊ ನಗರದ ಪ್ರೇಕ್ಷಕನೊಬ್ಬನು ಇದು ಅನ್ಯಾಯವೆಂದು ದಾವೆಹೂಡಿದನು; 1974ರಲ್ಲಿ ಮೇಲಿನ ನ್ಯಾಯಾಲಯವು ಇದು ಏಕಸ್ವಾಮ್ಯದ ಕಾನೂನಿಗೆ ವಿರುದ್ಧವಲ್ಲವೆಂದು ಅವನನ್ನು ಹಿಂದಿರುಗಿಸಿತು. ಕಾನೂನು ಹಾಗಿರಲಿ. ಆಟಗಾರರ ಸಂಬಳವನ್ನು ಮಾತ್ರ ಋತುವಿನ ವಾರಗಳಿಗೆ ಹಂಚಿ ಕೊಡುತ್ತಾರೆ. ಆಗಸ್ಟಿನಲ್ಲಿ ಅವರಿಗೆ ಸಲ್ಲುವುದು ಒಪ್ಪಂದದ ಭತ್ಯ. ಕೊನೆಯ ದಿನ ಹೆಸರು ಹೊಡೆದುಹಾಕಿಸಿಕೊಂಡವನಿಗೆ ಸಂಬಳದ ವಾರವು ಬರುವುದೇ ಇಲ್ಲ. ಒಂದೇ ದಿನವು ವಸೂಲಿಗೆ ನಿಜ, ಬಟವಾಡೆಗೆ ಸುಳ್ಳು ಎಂದಾದರೆ ಅದನ್ನು ಏನೆಂದು ಕರೆಯೋಣ? ಯಜಮಾನನು ‘ಇದು ಬರಿಯ ಪ್ರದರ್ಶನ’ವೆಂದರೆ ಪ್ರದರ್ಶನದ ಬೆಲೆಯನ್ನೇ ತೆಗೆದುಕೊಳ್ಳಲಿ, ‘ಇದು ನಿಜವಾದ ಪಂದ್ಯ’ವೆಂದರೆ ನಿಜವಾದ ಕೂಲಿಯನ್ನೂ ಕೊಡಲಿ. ಎರಡು ತಕ್ಕಡಿಗಳನ್ನು ಇಟ್ಟುಕೊಂಡು ಕೊಳ್ಳುವಾಗ ಒಂದನ್ನೂ ಮಾರುವಾಗ ಇನ್ನೊಂದನ್ನೂ ಎತ್ತುವುದು ವ್ಯಾಪಾರದಲ್ಲಿಯೂ ಸಲ್ಲದು.

‘ಲೆಕ್ಕಕ್ಕಿಲ್ಲ’ವೆಂಬ ಮಾತಿನಿಂದ ಇನ್ನೊಂದು ಸೂಕ್ಷ್ಮವಾದ ಹಾನಿಯುಂಟು. 1931ರ ಏಪ್ರಿಲ್ 2ರಂದು ಟೆನೆಸಿಯ ಚಟನೂಗ ಎಂಬ ಊರಿನಲ್ಲಿ ನಡೆದ ಬೇಸ್‌ಬಾಲ್ ಪ್ರದರ್ಶನ ಪಂದ್ಯದಲ್ಲಿ, ಜ್ಯಾಕಿ ಮಿಚೆಲ್ ಎಂಬ ಹದಿನೇಳರ ಹುಡುಗಿಯೊಬ್ಬಳು ಆ ಕಾಲದ ಮಹಾಮಲ್ಲರಾದ ಬೇಬ್ ರೂತನನ್ನೂ ಲೂ ಗೆರಿಗ್‌ನನ್ನೂ ಒಬ್ಬರಾದಮೇಲೊಬ್ಬರಂತೆ ಔಟುಮಾಡಿದಳು. ಅವರು ಬೇಕೆಂದೇ ಸೋತರೆಂದು ಕೆಲವರು, ಇಲ್ಲವೆಂದು ಕೆಲವರು. ವಾದವು ಇಂದಿಗೂ ಮುಗಿದಿಲ್ಲ. ತಾನು ನಿಜವಾಗಿಯೇ ಗೆದ್ದೆನೆಂದು ಅವಳು ಕೊನೆಯ ವರೆಗೂ ಹೇಳುತ್ತಿದ್ದಳು. ಲೆಕ್ಕಕ್ಕೆ ಬರುವ ಪಂದ್ಯವಾಗಿದ್ದರೆ ಈ ಸಂದೇಹವು ಇಷ್ಟು ಸುಲಭವಾಗಿ ಹುಟ್ಟುತ್ತಿರಲಿಲ್ಲ. ಸೋತವನಿಗೆ ‘ನಾನು ಮನಸ್ಸಿಟ್ಟು ಆಡಲಿಲ್ಲ’ವೆಂಬ ನೆಪವನ್ನು ಮೊದಲೇ ಕೊಟ್ಟಿಟ್ಟರೆ, ಮನಸ್ಸಿಟ್ಟು ಆಡಿದವಳ ಗೆಲುವನ್ನು ಕಿತ್ತುಕೊಂಡಂತೆಯೇ ಸರಿ. ಅಶಕ್ತರೂ ಹೊಸಬರೂ ತಮ್ಮ ಯೋಗ್ಯತೆಯನ್ನು ತೋರಿಸುವುದಕ್ಕೆ ಸಿಕ್ಕುವುದು ಇಂಥ ಅಂಗಣವೊಂದೇ ಆಗಿರುವಾಗ, ಅಲ್ಲಿಯ ಗೆಲುವು ಗೆಲುವಲ್ಲವೆಂದು ಮುಂದಾಗಿಯೇ ಬರೆದಿಡುವುದು ಅವರಿಗೆ ಬಾಗಿಲನ್ನು ತೆರೆದಂತೆ ಮಾಡಿ ಮುಚ್ಚಿದ ಹಾಗೆ.

ಇದಕ್ಕೆ ಎದುರಾದ ಉದಾಹರಣೆಯೊಂದನ್ನು ಹೇಳಿ ಮುಗಿಸುವೆನು. 1946ರ ಮಾರ್ಚ್ 17ರಂದು ಫ್ಲಾರಿಡಾದ ಡೇಟೋನ ಬೀಚಿನಲ್ಲಿ ಜ್ಯಾಕಿ ರಾಬಿನ್‌ಸನ್ ಎಂಬ ಕರಿಯ ಆಟಗಾರನು ಮಾಂಟ್ರಿಯಲ್ ತಂಡದ ಪರವಾಗಿ ಬ್ರೂಕ್ಲಿನ್ ಡಾಡ್ಜರ್ಸ್ ವಿರುದ್ಧ ಅಂಗಣಕ್ಕೆ ಇಳಿದನು. ಅದು ವಸಂತದ ಅಭ್ಯಾಸ ಪಂದ್ಯ. ಯಾವ ಪಟ್ಟಿಗೂ ಸೇರದುದು. ಬಿಳಿಯರೊಡನೆ ಕರಿಯನು ಆಡಕೂಡದೆಂಬ ಅಂದಿನ ಕಟ್ಟಳೆಗೆ ಅದೇ ಪೆಟ್ಟು. ಜ್ಯಾಕ್ಸನ್‌ವಿಲ್ ನಗರದಲ್ಲಿ ಇಂಥದೇ ಪಂದ್ಯಕ್ಕೆ ಅವನ ತಂಡವು ಹೋದಾಗ ಅಂಗಣದ ಬಾಗಿಲಿಗೆ ಬೀಗ ಬಿದ್ದಿತ್ತು. ಲೆಕ್ಕಕ್ಕಿಲ್ಲದ ಆಟಕ್ಕೆ ಬೀಗವೇತಕ್ಕೆ? ಅದು ಎಷ್ಟು ನಿಜವಾದುದೆಂದು ಬೀಗ ಹಾಕಿದವರು ಚೆನ್ನಾಗಿ ಬಲ್ಲವರಾಗಿದ್ದರು. ಮರುವರ್ಷ, 1947ರ ಏಪ್ರಿಲಿನಲ್ಲಿ, ಅವನು ಲೆಕ್ಕಕ್ಕೆ ಬರುವ ಪಂದ್ಯದಲ್ಲಿ ಡಾಡ್ಜರ್ಸ್ ಪರವಾಗಿಯೇ ಆಡಿದುದನ್ನು ಲೋಕವು ನೆನೆಯುತ್ತದೆ. ಅದರ ಹಿಂದಿನ ವಸಂತವಿಲ್ಲದೆ ಅದು ಬರುವಂತಿರಲಿಲ್ಲ.

ನಮ್ಮಲ್ಲಿ ಫುಟ್‌ಬಾಲಿನ ಗಂಧವೂ ಇಲ್ಲದವರು ಈ ವಿಚಾರದಿಂದ ಪಡೆಯಬೇಕಾದುದು ಒಂದುಂಟು. ಲೆಕ್ಕಕ್ಕಿಲ್ಲವೆಂದು ನಾವು ಬದಿಗಿರಿಸಿದ ಎಷ್ಟೋ ದಿನಗಳು ಇನ್ನೊಬ್ಬರಿಗೆ ಲೆಕ್ಕದ ದಿನಗಳಾಗಿರುತ್ತವೆ. ತಾತ್ಕಾಲಿಕನಾಗಿ ಬಂದ ಉಪಾಧ್ಯಾಯನ ಪಾಠ, ಉಮೇದುವಾರನು ಬರೆದ ಕಾಗದ, ಕಚೇರಿಗೆ ಮುಂಚೆ ಅರ್ಧ ಗಂಟೆ ಹಾಡಲು ಕೂರಿಸಿದ ಹುಡುಗಿಯ ಹಾಡು, ಇವುಗಳ ಮುಂದೆ ನಾವು ಮಾತನಾಡುತ್ತಲೋ ಆಕಳಿಸುತ್ತಲೋ ಕುಳಿತಿರುತ್ತೇವೆ. ಎಲ್ಲವನ್ನೂ ಪುಸ್ತಕಕ್ಕೆ ಏರಿಸುವುದು ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಎದುರಿಗಿರುವವನು ತನ್ನ ಸರ್ವಸ್ವವನ್ನೂ ಹೂಡಿದ್ದಾನೆಂಬುದನ್ನು ಕಂಡು, ಅದಕ್ಕೆ ಸಲ್ಲಬೇಕಾದ ಗಮನವನ್ನೂ ಕೂಲಿಯನ್ನೂ ಸಲ್ಲಿಸಿದರೆ ಸಾಕು.

ಸೋದರಳಿಯನು ಹೊರಡುವ ಹಿಂದಿನ ದಿನ ಇದನ್ನೆಲ್ಲ ಅವನಿಗೆ ಹೇಳಿದೆನು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮುಂದಿನ ವರ್ಷ ಒಂದನ್ನಾದರೂ ಹೋಗಿ ಕೊನೆಯ ವರೆಗೆ ಕುಳಿತು ನೋಡುತ್ತೇನೆ, ಮಾವ” ಎಂದನು. ಕೊನೆಯ ವರೆಗೆ ಎಂದುದು ನನಗೆ ಹಿಡಿಸಿತು. ಏಕೆಂದರೆ ಹೆಸರಾಂತವರು ಎದ್ದುಹೋದಮೇಲೆ ಆ ಹೊತ್ತಿನಲ್ಲಿಯೇ ಹೆಸರಿಲ್ಲದವರು ಆಡುವುದು.